ಲಕ್ಷ ಮತ ಬಿದ್ದ ಮಾತ್ರಕ್ಕೆ ಅದು ಉತ್ತಮ ನಗರವೇ?

ಪ್ರಶ್ನೆ: ‘ಅತ್ಯುತ್ತಮ ನಗರ’ ಯಾವುದೆಂದು ಆನ್‌ಲೈನ್‌ನಲ್ಲಿ ಮತ ಹಾಕಿಸಿ ಪಟ್ಟಿ ಪ್ರಕಟಿಸುತ್ತಾರೆ. ಲಕ್ಷಗಟ್ಟಲೆ ಜನ ಭಾಗವಹಿಸಿದ ಮೇಲೆ ಅದನ್ನು ನಂಬಬಹುದಲ್ಲವೇ?

ಉತ್ತರ: ನಂಬಬೇಕಿಲ್ಲ. ತಾವಾಗಿ ಬಂದು ಮತ ಹಾಕುವವರು ಎಲ್ಲರ ಪ್ರತಿನಿಧಿಗಳಲ್ಲ. ಸಂಖ್ಯೆ ಬೆಳೆದಷ್ಟೂ ಆ ಓರೆ ಸರಿಹೋಗುವುದೂ ಇಲ್ಲ. 2007ರಲ್ಲಿ ‘ಹೊಸ ಏಳು ಅದ್ಭುತ’ಗಳ ಆಯ್ಕೆಗೆ 10 ಕೋಟಿ ಮತ ಬಂತೆಂದು ಸಂಘಟಕರು ಹೇಳಿಕೊಂಡರು. ಅದು ಇಂಟರ್‌ನೆಟ್ ಇದ್ದವರ ಅಭಿಪ್ರಾಯವಷ್ಟೇ ಎಂದು ಯುನೆಸ್ಕೊ ದೂರ ಉಳಿಯಿತು. ಅದ್ಭುತಗಳನ್ನು ಆರಿಸಿದ ಆ ಸಂಘಟಕರೇ 2014ರಲ್ಲಿ ಏಳು ನಗರಗಳನ್ನೂ ಮತದಿಂದಲೇ ಆರಿಸಿದರು.

ಮೊದಲ ತೊಡಕು ಜನಸಂಖ್ಯೆ. 1 ಕೋಟಿ ಜನರಿರುವ ಊರಿನಲ್ಲಿ ಶೇ 1ರಷ್ಟು ಮಂದಿ ತಮ್ಮ ಊರಿಗೆ ಮತ ಹಾಕಿದರೆ 1 ಲಕ್ಷ. 2 ಲಕ್ಷ ಜನರ ಊರಿನಲ್ಲಿ ಶೇ 40ರಷ್ಟು ಮಂದಿ ಹಾಕಿದರೂ 80 ಸಾವಿರ. ಹೆಚ್ಚು ಅಭಿಮಾನ ಎಲ್ಲಿದೆ, ಗೆದ್ದವರು ಯಾರು? ಸ್ಥಳೀಯ ಆಡಳಿತವೋ ಪ್ರವಾಸೋದ್ಯಮದವರೋ ಪ್ರಚಾರಕ್ಕಿಳಿದರಂತೂ ಅಳೆಯುವುದು ಪ್ರಚಾರದ ಬಲವನ್ನು, ನಗರವನ್ನಲ್ಲ.

ಮತದ ಬದಲು ಅಂಕ ಕೊಡಿಸಿದರೆ ಜನಸಂಖ್ಯೆಯ ತೊಡಕು ತಗ್ಗುತ್ತದೆ, ಇನ್ನೊಂದು ಹುಟ್ಟುತ್ತದೆ. 12 ಮಂದಿ ಕೊಟ್ಟ 9.1ರ ಸರಾಸರಿ, 4,000 ಮಂದಿ ಕೊಟ್ಟ 8.4ನ್ನು ಹಿಂದಿಕ್ಕುತ್ತದೆ. ಇದಕ್ಕೆ ಸರಳ ಮದ್ದಿದೆ: ಎಲ್ಲ ನಗರಗಳ ಒಟ್ಟು ಸರಾಸರಿ 7 ಎಂದಿಟ್ಟುಕೊಂಡು, ಪ್ರತಿ ನಗರಕ್ಕೂ ಆ 7 ಅಂಕವನ್ನೇ ಕೊಟ್ಟ 50 ಕಾಲ್ಪನಿಕ ಮಂದಿಯನ್ನು ಸೇರಿಸಿ. ಮೊದಲನೆಯದು 7.41ಕ್ಕೆ ಇಳಿಯುತ್ತದೆ, ಎರಡನೆಯದು 8.38ರಲ್ಲೇ ನಿಲ್ಲುತ್ತದೆ. ಇಷ್ಟನ್ನೂ ಮಾಡದ ಪಟ್ಟಿಗಳೂ ಇವೆ.

ತೂಕದ ಆಟವನ್ನೂ ಗಮನಿಸಿ. ಒಂದು ನಗರಕ್ಕೆ ಸುರಕ್ಷತೆಯಲ್ಲಿ 90, ಸಾರಿಗೆಯಲ್ಲಿ 60. ಇನ್ನೊಂದಕ್ಕೆ 70 ಮತ್ತು 85. ಸಮ ತೂಕದಲ್ಲಿ ಎರಡನೆಯದು 77.5 ಪಡೆದು 75ರ ಮೊದಲನೆಯದನ್ನು ಸೋಲಿಸುತ್ತದೆ. ಸುರಕ್ಷತೆಗೆ ಶೇ 70 ತೂಕ ಕೊಡಿ, ಮೊದಲನೆಯದು 81, ಎರಡನೆಯದು 74.5. ನಗರಗಳು ಇದ್ದಂತೆಯೇ ಇವೆ, ಸ್ಥಾನ ಮಾತ್ರ ಅದಲುಬದಲು.

ಹಾಗಾಗಿ ಪಟ್ಟಿ ಕಂಡಾಗ ಮೊದಲ ಸ್ಥಾನದ ಬದಲು ಕೆಳಗಿನ ಸಣ್ಣಕ್ಷರ ಓದಿ. ಉತ್ತರಿಸಿದವರನ್ನು ಯಾದೃಚ್ಛಿಕವಾಗಿ, ಅಂದರೆ ಚೀಟಿ ಎತ್ತಿದಂತೆ, ಆರಿಸಿದ್ದರೇ? ಅವರು ಆ ಊರಲ್ಲಿ ಇದ್ದವರೇ, ಒಮ್ಮೆ ಬಂದು ಹೋದವರೇ, ಹೆಸರು ಕೇಳಿದವರೇ? ಒಬ್ಬರಿಗೆ ಒಂದೇ ಮತವೇ? ಯಾದೃಚ್ಛಿಕವಾಗಿ ಆರಿಸಿದ 1,000 ಜನರ ಸಮೀಕ್ಷೆಯಲ್ಲೂ ಶೇಕಡಾವಾರು ಲೆಕ್ಕ ಸುಮಾರು 3 ಅಂಶ ಆಚೀಚೆ ಆಗಬಹುದು. ಎರಡು ನಗರಗಳ ನಡುವೆ ಅರ್ಧ ಅಂಶವಷ್ಟೇ ಅಂತರವಿದ್ದರೆ ಅವುಗಳನ್ನು 4ನೇ, 5ನೇ ಸ್ಥಾನವೆಂದು ಬೇರೆ ಮಾಡದೆ ಸಮವೆಂದೇ ಓದಿಕೊಳ್ಳಿ.