ಕನ್ನಡದಲ್ಲಿ ಒಳ್ಳೆಯ ಪತ್ತೇದಾರಿ ಕಾದಂಬರಿ ಇದೆಯಾ? ಸುಮ್ನೆ ಓದೋಕೆ ಯಾವುದು ಒಳ್ಳೇದು?

ಆಫೀಸ್ ಮುಗಿಸಿ ಬಂದ ಮೇಲೆ ಓದೋಕೆ ಮರ್ಡರ್ ಮಿಸ್ಟರಿ ಬೇಕು, ಇಂಗ್ಲಿಷಿನದು ಓದಿ ಓದಿ ಸಾಕಾಗಿದೆ, ಆದರೆ ಪ್ರಶಸ್ತಿ ಬಂದ ಗಂಭೀರ ಸಾಹಿತ್ಯ ಮಾತ್ರ ಹೇಳಬೇಡಿ ಅಂತ ಕೇಳಿದ್ದೀರಿ. ಆ ಕೊನೆಯ ಮಾತು ಇದೆಯಲ್ಲ, ಪಿಯುಸಿ ಓದುವಾಗ ನಾನೂ ಅದನ್ನೇ ಹೇಳುತ್ತಿದ್ದೆ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ನಮ್ಮೂರು ತುಮಕೂರು. ನಮ್ಮ ಬೀದಿಯಲ್ಲಿ ಬಾಡಿಗೆಗೆ ಪುಸ್ತಕ ಕೊಡುವ ಒಂದು ಸಣ್ಣ ಲೈಬ್ರರಿ ಇತ್ತು. ಎಲ್ಲ ಪುಸ್ತಕಕ್ಕೂ ಒಂದೇ ಥರ ಖಾಕಿ ರಟ್ಟು, ಬೆನ್ನಿನ ಮೇಲೆ ಇಂಕಿನಲ್ಲಿ ನಂಬರು. ಪತ್ತೇದಾರಿಗೆ ಬೇರೆ ಕಪಾಟು. ಎನ್. ನರಸಿಂಹಯ್ಯನವರದ್ದು, ಟಿ.ಕೆ. ರಾಮರಾವ್ ಅವರದ್ದು, ಅಲ್ಲಿದ್ದದ್ದನ್ನೆಲ್ಲ ಓದಿದೆ. ಎಷ್ಟೋ ಪುಸ್ತಕಗಳಲ್ಲಿ ಕೊನೆಯ ಹಾಳೆ ಕಿತ್ತು ಹೋಗಿರುತ್ತಿತ್ತು. ಆಗ ಅದನ್ನು ಮೊದಲೇ ಓದಿದವರನ್ನು ಹುಡುಕಿಕೊಂಡು ಹೋಗಿ ಕೊಲೆ ಮಾಡಿದ್ದು ಯಾರು ಅಂತ ಕೇಳಬೇಕಿತ್ತು. ನರಸಿಂಹಯ್ಯನವರ ಬಗ್ಗೆ ಯಾರಾದರೂ ಹಗುರವಾಗಿ ಮಾತಾಡಿದರೆ ನನಗೆ ಈಗಲೂ ಸಿಟ್ಟು ಬರುತ್ತದೆ. ಶಾಲೆ ಕಲಿತದ್ದು ನಾಲ್ಕನೇ ಕ್ಲಾಸಿನವರೆಗೆ, ಬರೆದದ್ದು 500ಕ್ಕೂ ಹೆಚ್ಚು ಕಾದಂಬರಿ. ಕನ್ನಡವನ್ನು ಸರಾಗವಾಗಿ ಓದೋಕೆ ನಾನು ಕಲಿತದ್ದೇ ಅವರ ಪತ್ತೇದಾರ ಪುರುಷೋತ್ತಮನ ಬೆನ್ನು ಹತ್ತಿ.

ನನ್ನ ಸೋದರಮಾವ ಇದನ್ನು ನೋಡುತ್ತಿದ್ದರು. ಒಂದು ದಿನ ತೇಜಸ್ವಿಯವರ 'ಚಿದಂಬರ ರಹಸ್ಯ' ತಂದು ಕೊಟ್ಟು, "ಇದನ್ನ ಓದೋ, ಇದರಲ್ಲೂ ಕೊಲೆ ಇದೆ" ಅಂದರು. ನಾನು ಓದಲಿಲ್ಲ. ಯಾಕೆ ಓದಲಿಲ್ಲ ಅನ್ನೋದನ್ನ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನೀವು ಈಗ ನಿಂತಿರುವುದೂ ಅಲ್ಲೇ. ಅದಕ್ಕೆ 1987ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತ್ತು. ನನ್ನ ಪಾಲಿಗೆ ಪ್ರಶಸ್ತಿ ಬಂದ ಪುಸ್ತಕ ಅಂದರೆ ಕನ್ನಡ ಪಠ್ಯ. ಪಠ್ಯ ಅಂದರೆ 'ಸಂದರ್ಭ ಸಹಿತ ವಿವರಿಸಿ', 'ಈ ಮಾತನ್ನು ಯಾರು ಯಾರಿಗೆ ಹೇಳಿದರು'. ಹೆಸರು ನೋಡಿ ಒಳಗೆ ವೇದಾಂತವೇ ಇರಬೇಕು ಅಂದುಕೊಂಡೆ. ಲೈಬ್ರರಿಯ ಪತ್ತೇದಾರಿ ಕಪಾಟಿನಲ್ಲೂ ಅದು ಇರಲಿಲ್ಲ, 'ಸಾಹಿತ್ಯ' ಅಂತ ಬರೆದ ಕಪಾಟಿನಲ್ಲಿತ್ತು. ಒಂದು ಪುಟವನ್ನೂ ತಿರುವದೆ, ಬರೀ ರಟ್ಟು ಮತ್ತು ಕಪಾಟು ನೋಡಿ ತೀರ್ಮಾನ ಮಾಡಿದೆ. ಮಾವ ಮನೆಗೆ ಬಂದಾಗಲೆಲ್ಲ "ಎಲ್ಲಿವರೆಗೆ ಬಂತೋ?" ಅಂತ ಕೇಳುತ್ತಿದ್ದರು, ನಾನು "ಅರ್ಧ ಆಯ್ತು ಮಾವ" ಅಂತ ಸುಳ್ಳು ಹೇಳುತ್ತಿದ್ದೆ.

ಆಮೇಲೆ ಲೈಬ್ರರಿ ಮುಚ್ಚಿತು. ನಾನು ಕೆಲಸಕ್ಕೆ ಅಂತ ಬೆಂಗಳೂರಿಗೆ ಬಂದು ಇಂಗ್ಲಿಷ್ ಥ್ರಿಲ್ಲರ್ ಹಿಡಿದೆ. ಕನ್ನಡದಲ್ಲಿ ಈ ಥರದ್ದು ಮುಗಿದೇ ಹೋಯಿತು ಅಂತ ಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದೆ. ಮಾವ ತೀರಿಕೊಂಡ ಮೇಲೆ ಅವರ ಪುಸ್ತಕ ಜೋಡಿಸುವಾಗ ಮತ್ತೆ ಅದೇ ಪುಸ್ತಕ ಕೈಗೆ ಬಂತು. ನೋಡೋಣ ಅಂತ ನೆಲದ ಮೇಲೆ ಕೂತವನು ರಾತ್ರಿ ಊಟಕ್ಕೂ ಏಳಲಿಲ್ಲ. ಮಲೆನಾಡಿನ ಕೆಸರೂರು ಅನ್ನೋ ಊರು. ಏಲಕ್ಕಿ ಬೆಳೆ ಬಿದ್ದು ಹೋಗುತ್ತಿದೆ. ಏಲಕ್ಕಿ ಬಗ್ಗೆ ಸಂಶೋಧನೆ ಮಾಡುತ್ತಿದ್ದ ವಿಜ್ಞಾನಿ ಜೋಗಿಹಾಳ್ ಸತ್ತಿದ್ದಾರೆ, ಅದನ್ನು ವಿಚಾರಿಸೋಕೆ ಅಂಗಡಿ ಅನ್ನೋ ಅಧಿಕಾರಿ ಬರುತ್ತಾರೆ. ಇದಕ್ಕಿಂತ ಚೊಕ್ಕವಾದ ಪತ್ತೇದಾರಿ ಶುರು ಎಲ್ಲಿದೆ ಹೇಳಿ! ಆದರೆ ಊರಿನ ತುಂಬ ಗುಟ್ಟುಗಳು. ಒಂದನ್ನು ಎಳೆದರೆ ಇನ್ನೊಂದು ಬರುತ್ತದೆ. ಪ್ರೀತಿ, ಜಾತಿ, ಧರ್ಮದ ಜಗಳ, ಕಳ್ಳತನ ಎಲ್ಲ ಒಂದಕ್ಕೊಂದು ಹೆಣೆದುಕೊಂಡಿವೆ. ಮತ್ತೆ ಎಷ್ಟು ನಗಿಸುತ್ತದೆ ಗೊತ್ತಾ! ಓದಿ ಮುಗಿಸಿದಾಗ ಇದರ ಬಗ್ಗೆ ಮಾತಾಡಬೇಕು ಅನ್ನಿಸಿದ್ದು ಮಾವನ ಜೊತೆ, ಅವರೇ ಇರಲಿಲ್ಲ. ಅದಕ್ಕೆ ಇವತ್ತಿಗೂ ಬೇಜಾರಿದೆ.

ಹಾಗಾಗಿ ನಿಮ್ಮ ಷರತ್ತನ್ನು ನಾನು ಒಪ್ಪಲ್ಲ. ಪ್ರಶಸ್ತಿ ಬಂದದ್ದು ಬೇಡ, ಗಂಭೀರವಾದದ್ದು ಬೇಡ ಅಂತ ತೆಗೆದಿಟ್ಟರೆ ಕನ್ನಡದ ಒಳ್ಳೊಳ್ಳೆಯ ರಹಸ್ಯ ಕಥೆಗಳೇ ಕೈತಪ್ಪುತ್ತವೆ. ಅವು ಪತ್ತೇದಾರಿ ಕಪಾಟಿನಲ್ಲಿ ಇಲ್ಲ.

ಆದರೂ ಶುರುವನ್ನು 'ಚಿದಂಬರ ರಹಸ್ಯ'ದಿಂದ ಮಾಡಬೇಡಿ, ತೇಜಸ್ವಿಯವರದ್ದೇ 'ಜುಗಾರಿ ಕ್ರಾಸ್' ತಗೊಳ್ಳಿ. ಏಲಕ್ಕಿ ಮಾರೋಕೆ ಹೊರಟ ಸುರೇಶ, ಗೌರಿ ಅನ್ನೋ ಗಂಡ ಹೆಂಡತಿ ಹೇಗೆ ಒಂದು ಜಾಲಕ್ಕೆ ಸಿಕ್ಕಿಹಾಕಿಕೊಳ್ಳುತ್ತಾರೆ ಅನ್ನೋದು ಕಥೆ, ಎಲ್ಲ ಒಂದೇ ದಿನದೊಳಗೆ ನಡೆಯುತ್ತದೆ. ಇಂಗ್ಲಿಷ್ ಥ್ರಿಲ್ಲರ್ ಓಟಕ್ಕೆ ಒಗ್ಗಿದವರಿಗೆ ಇದು ಸರಿಯಾದ ಬಾಗಿಲು. ಶನಿವಾರ ಬೆಳಿಗ್ಗೆ ಹಿಡಿಯಿರಿ, ವಾರದ ದಿನ ಬೇಡ, ಮಾರನೇ ದಿನ ಆಫೀಸಿನಲ್ಲಿ ತೂಕಡಿಸುತ್ತೀರಿ.

ನಿಧಿ, ಶಾಸನ, ಗುಪ್ತ ಸಂಕೇತ ಇಷ್ಟವಾದರೆ ಕೆ.ಎನ್. ಗಣೇಶಯ್ಯ. ಕೃಷಿ ವಿಜ್ಞಾನಿ ಅವರು. 'ಕರಿಸಿರಿಯಾನ' ಓದಿ, 1565ರ ಯುದ್ಧದ ನಂತರ ವಿಜಯನಗರದ ಸಂಪತ್ತು ಎಲ್ಲಿ ಹೋಯಿತು ಅನ್ನೋ ಹುಡುಕಾಟ. ಅವರ ಪಾತ್ರಗಳು ಜಾಸ್ತಿ ನೆನಪಿನಲ್ಲಿ ಉಳಿಯಲ್ಲ, ಮಾಹಿತಿ ಉಳಿಯುತ್ತದೆ. ನನಗೆ ಅದರಲ್ಲಿ ತಕರಾರಿಲ್ಲ.

ವಿವೇಕ ಶಾನಭಾಗರ 'ಘಾಚರ್ ಘೋಚರ್' ಅನ್ನು ಯಾರೂ ಪತ್ತೇದಾರಿ ಅಂತ ಕರೆಯಲ್ಲ. ನಾನು ಕರೆಯುತ್ತೇನೆ. ಮಸಾಲೆ ವ್ಯಾಪಾರದಿಂದ ದಿಢೀರ್ ದುಡ್ಡು ಕಂಡ ಬೆಂಗಳೂರಿನ ಒಂದು ಮನೆ, ಕಾಫಿ ಹೌಸಿನಲ್ಲಿ ಕೂತು ತಳಮಳಿಸುವ ಒಬ್ಬ ಗಂಡಸು. ಒಂದೇ ಸಂಜೆಗೆ ಮುಗಿಯುತ್ತದೆ. ಮುಗಿದ ಮೇಲೆ ಹಿಂದಕ್ಕೆ ಹೋಗಿ ಒಂದೊಂದು ಮಾತನ್ನೂ ಮತ್ತೆ ನೋಡುತ್ತೀರಿ, ಪೊಲೀಸರು ಸಾಕ್ಷಿ ನೋಡೋ ಹಾಗೆ.

ಇನ್ನೊಂದು ವಿಷಯ. ಯಾವ ಪುಸ್ತಕ ತಗೊಂಡರೂ ಮುನ್ನುಡಿ ಮೊದಲು ಓದಬೇಡಿ. ಬೆನ್ನುಡಿಯೂ ಬೇಡ. ನಮ್ಮಲ್ಲಿ ಮುನ್ನುಡಿ ಬರೆಯುವ ಎಷ್ಟೋ ದೊಡ್ಡವರಿಗೆ ಕಥೆಯ ಕೊನೆಯನ್ನು ಹೇಳದೆ ಇರೋಕೆ ಆಗಲ್ಲ. ಸೀದಾ ಒಂದನೇ ಅಧ್ಯಾಯಕ್ಕೆ ಹೋಗಿ, ಮುನ್ನುಡಿಯನ್ನು ಕಾದಂಬರಿ ಮುಗಿದ ಮೇಲೆ ಓದಿ, ಆಗ ಅದು ನಿಜಕ್ಕೂ ಚೆನ್ನಾಗಿರುತ್ತದೆ.

ನರಸಿಂಹಯ್ಯನವರ ಹಳೇ ಪ್ರತಿ ಬೇಕಿದ್ದರೆ ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೇ ಪುಸ್ತಕದ ಅಂಗಡಿಗಳಲ್ಲಿ ಕೇಳಿ ನೋಡಿ. ದುಡ್ಡು ಕೊಡೋ ಮುಂಚೆ ಕೊನೆಯ ಹಾಳೆ ಇದೆಯಾ ಅಂತ ತಿರುವಿ ನೋಡಿ, ಆದರೆ ಓದಬೇಡಿ.