ಯಾರ ಹತ್ತಿರವೂ ಕಲಿಯದೆ ಚಿತ್ರ ಬರೆಯುವವರು ಊರಿಗೆ ಏನು ಮಾಡಬಹುದು?

ನೀವು ಕೇಳಿದ್ದು ಇಷ್ಟು: ಚಿತ್ರ ಬರೆಯುವುದನ್ನು ನೀವೇ ಕಲಿತಿದ್ದೀರಿ, ಊರಿನ ಕೆಲಸಕ್ಕೆ ನೆರವಾಗಬೇಕು ಅಂತ ಆಸೆ ಇದೆ, ಚಿತ್ರ ಮಾರಿ ಹಣ ಕೊಡಬಹುದಾ ಅಂತ.

ನಾನೂ ಯಾರ ಹತ್ತಿರವೂ ಕಲಿತವನಲ್ಲ. ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆಯವನು. ಅಂಗಡಿ ಬೋರ್ಡು ಬರೆದು ಬರೆದು ಕೈ ಕುದುರಿತು, ಅಷ್ಟೇ. ಹಣ ಕೊಡುವ ಯೋಚನೆ ಆಮೇಲೆ, ಮೊದಲು ಚಿತ್ರವನ್ನೇ ಕೊಡಿ ಅನ್ನುವವನು ನಾನು. ನಮ್ಮಂಥವರ ಚಿತ್ರಕ್ಕೆ ಊರಲ್ಲಿ ಎಷ್ಟು ರೇಟು ಸಿಗುತ್ತದೆ ಅಂತ ನಿಮಗೂ ಗೊತ್ತು, ಅಲ್ವಾ? ಅದೇ ಚಿತ್ರ ಸರಿಯಾದ ಗೋಡೆ ಮೇಲಿದ್ದರೆ ಅದರ ಕೆಲಸವೇ ಬೇರೆ.

ಮಂಗನ ಕಾಯಿಲೆಯನ್ನೇ ನೋಡಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಹತ್ತಿರ ಪತ್ತೆಯಾಗಿದ್ದು, ಇನ್ನೂ ನಮ್ಮನ್ನು ಬಿಟ್ಟಿಲ್ಲ. 2018-19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಸುತ್ತಮುತ್ತ ಜನ ಸತ್ತರು. ಆಮೇಲೆ ನಮ್ಮೂರಿನ ಬಸ್‌ಸ್ಟಾಪ್ ಗೋಡೆ ಮೇಲೆ ಏನಾದರೂ ಬರೆದುಕೊಡು ಅಂತ ಕೆಲವರು ಕೇಳಿದರು. ಈ ಕಾಯಿಲೆ ಹರಡುವುದು ಕಾಡಿನ ಉಣುಗು, ಅಂದರೆ ರಕ್ತ ಹೀರುವ ಉಣ್ಣೆ ಹುಳ. ಅವರು ತಂದ ಪೋಸ್ಟರಿನಲ್ಲಿ ಅದು ಅಂಗೈ ಅಗಲ ಇತ್ತು. ಪಕ್ಕದಲ್ಲಿ ಕೂತಿದ್ದ ಅಜ್ಜಿಯೊಬ್ಬರು ನೋಡಿ, "ಇಂಥ ಹುಳ ನಮ್ಮ ಕಾಡಲ್ಲಿ ಇಲ್ಲ ಮಾರಾಯ" ಅಂದುಬಿಟ್ಟರು. ಅಜ್ಜಿ ಹೇಳಿದ್ದು ಸರಿಯೇ. ಮನುಷ್ಯರಿಗೆ ಜಾಸ್ತಿ ಕಚ್ಚುವುದು ಮರಿ ಉಣುಗು, ಅದು ಗಸಗಸೆ ಕಾಳಿನಷ್ಟೇ ಇರುತ್ತದೆ.

ಹಾಗಾಗಿ ಗೋಡೆ ತುಂಬ ಒಂದು ಹೆಣ್ಣುಮಗಳ ಕಾಲು ಬರೆದೆ. ಕಾಲ್ಗೆಜ್ಜೆ, ಮೇಲಕ್ಕೆ ಸಿಕ್ಕಿಸಿದ ಸೀರೆ ಅಂಚು, ಸುತ್ತ ತರಗೆಲೆ. ಹಿಮ್ಮಡಿಯ ಮೇಲೆ ಒಂದೇ ಒಂದು ಚುಕ್ಕಿ, ಉಣುಗು ನಿಜಕ್ಕೂ ಇರುವಷ್ಟೇ ದೊಡ್ಡದು. "ಉಣುಗು ಎಲ್ಲಿದೆ, ಹುಡುಕಿ" ಅಂತ ಮೇಲೆ ಬರೆದೆ. ಹುಡುಕುವುದಕ್ಕೆ ಹತ್ತಿರ ಬಂದವರು ಕೆಳಗಿನದ್ದನ್ನೂ ಓದುತ್ತಾರೆ: ಕಾಡಿಗೆ ಹೋಗುವ ಮುಂಚೆ ಉಣುಗು ಹತ್ತದ ಹಾಗೆ ಡೆಪಾ ಎಣ್ಣೆ ಹಚ್ಚಿ, ಬಂದ ಮೇಲೆ ಬಿಸಿನೀರಲ್ಲಿ ಸೋಪು ಹಾಕಿ ಸ್ನಾನ ಮಾಡಿ, ಸತ್ತ ಮಂಗ ಕಂಡರೆ ಮುಟ್ಟದೆ ಆಶಾ ಕಾರ್ಯಕರ್ತೆಗೆ ಹೇಳಿ. ದೊಡ್ಡ ಕಲಾವಿದರಿಗೆ ಇದು ಹೊಳೆಯುವುದಿಲ್ಲ ಅಂತಲ್ಲ. ಅವರಿಗೆ ಆ ಅಜ್ಜಿ ಪಕ್ಕದಲ್ಲಿ ಇರುವುದಿಲ್ಲ.

ಗೋಡೆ ವಿಷಯ. ಮಲೆನಾಡಲ್ಲಿ ದೀಪಾವಳಿ ಕಳೆದ ಮೇಲೆ ಗೋಡೆ ಚೆನ್ನಾಗಿ ಒಣಗಿದೆಯಾ ನೋಡಿ ಶುರು ಮಾಡಿ. ಮಂಗನ ಕಾಯಿಲೆ ಏಳುವುದೂ ಆಗಿನಿಂದ ಬೇಸಿಗೆವರೆಗೆ, ಎರಡೂ ಹೊಂದುತ್ತದೆ. ಇರಿಚಲು ಹೊಡೆಯುವ ಗೋಡೆ ಪುಕ್ಕಟೆ ಕೊಟ್ಟರೂ ಬೇಡ. ಜಂಬಿಟ್ಟಿಗೆ ಗೋಡೆ ಸುಮ್ನೆ ಬಣ್ಣ ಕುಡಿಯುತ್ತದೆ, ಗಾರೆ ಮಾಡಿದ್ದನ್ನೇ ಕೇಳಿ. ಹಾವಸೆ ಉಜ್ಜಿ ತೆಗೆದು, ಪ್ರೈಮರ್ ಹೊಡೆದು, ಮೇಲೆ ಎಕ್ಸ್‌ಟೀರಿಯರ್ ಎಮಲ್ಷನ್.

ಇನ್ನೊಂದು. ಶಾಲೆಯವರು ಖಂಡಿತ "ಹಸೆ ಚಿತ್ತಾರ ಬರೆದುಕೊಡಿ" ಅಂತಾರೆ. ನೀವು ಬರೆಯಬೇಡಿ. ಅದು ನಮ್ಮ ಕಡೆಯ ದೀವರ ಸಮುದಾಯದ ಹೆಣ್ಣುಮಕ್ಕಳ ಕೈಯದ್ದು. ಪುಂಡಿ ನಾರಿನ ಕುಂಚದಲ್ಲಿ, ಕೆಮ್ಮಣ್ಣು ಬಳಿದ ಗೋಡೆ ಮೇಲೆ ಅಕ್ಕಿಹಿಟ್ಟಿನ ಬಿಳಿ ಎಳೆ ಎಳೆಯುವುದನ್ನು ಒಮ್ಮೆ ನೋಡಿ, ಸ್ಕೇಲಿಲ್ಲದೆ ಅಷ್ಟು ನೇರ ಎಳೆ ನಿಮಗೂ ಬರುವುದಿಲ್ಲ, ನನಗೂ ಬರುವುದಿಲ್ಲ. ಅವರನ್ನೇ ಕರೆಸಿ, ಕೂಲಿ ಕೊಡಿಸಿ, ಗೋಡೆ ಮೇಲೆ ಅವರ ಹೆಸರು ಹಾಕಿಸಿ. ನೀವು ಏಣಿ ಹಿಡಿದುಕೊಂಡರೆ ಸಾಕು.

ಇಷ್ಟಾದ ಮೇಲೂ ಹಣ ಕೂಡಿಸಬೇಕು ಅಂತಿದ್ದರೆ ಚಿಕ್ಕ ಕಾರ್ಡುಗಳನ್ನು ಬರೆಯಿರಿ. ಸಾಗರದ ಮಾರಿಕಾಂಬಾ ಜಾತ್ರೆ ಮೂರು ವರ್ಷಕ್ಕೊಮ್ಮೆ, ಅದನ್ನೇ ಕಾಯಬೇಡಿ. ಶಾಲೆ ವಾರ್ಷಿಕೋತ್ಸವದಲ್ಲೂ ಮಾರಾಟ ಆಗುತ್ತದೆ. ಆದರೆ ದುಡ್ಡು ನಿಮ್ಮ ಫೋನ್‌ಪೇ ನಂಬರಿಗೆ ಬೇಡ. ಎಸ್‌ಡಿಎಂಸಿ, ಅಂದರೆ ಶಾಲೆಯ ಅಭಿವೃದ್ಧಿ ಸಮಿತಿಯ ಖಾತೆಗೆ ನೇರ ಹೋಗಲಿ, ಇಲ್ಲದಿದ್ದರೆ ಊರಲ್ಲಿ ಮಾತು ಹುಟ್ಟುತ್ತದೆ. ಕೈಗೆಲಸ ಪುಕ್ಕಟೆ ಮಾಡಿ, ತೊಂದರೆ ಇಲ್ಲ. ಬಣ್ಣದ ಬಿಲ್ಲು ಮಾತ್ರ ಮೊದಲೇ ಇಸಿದುಕೊಳ್ಳಿ.