ಬಳಕೆದಾರ ಮುಟ್ಟದ ಸೆಟ್ಟಿಂಗ್‌ಗೆ ರೋ ಯಾಕೆ?

ಪ್ರಶ್ನೆ: ನಮ್ಮದು ಬೆಂಗಳೂರಿನ ಅಪಾರ್ಟ್‌ಮೆಂಟ್‌ಗಳಿಗೆ ಮಾಡಿದ ಆ್ಯಪ್. ಟ್ಯಾಂಕರ್ ಬಂತು, ಗೇಟಿನಲ್ಲಿ ಯಾರೋ ಕಾಯುತ್ತಿದ್ದಾರೆ, ಮೇಂಟೆನೆನ್ಸ್ ಬಾಕಿ ಇದೆ ಎಂಬಂಥ 14 ಬಗೆಯ ನೋಟಿಫಿಕೇಶನ್‌ಗಳು ಪುಶ್, ಎಸ್‌ಎಂಎಸ್, ಇಮೇಲ್ ಮೂರರಲ್ಲೂ ಹೋಗುತ್ತವೆ. ಬಳಕೆದಾರರು 3 ಲಕ್ಷ, ಡೇಟಾಬೇಸ್ ಪೋಸ್ಟ್‌ಗ್ರೆಸ್. ಯೂಸರ್ಸ್ ಟೇಬಲ್‌ನಲ್ಲೇ 42 ಬೂಲಿಯನ್ (ಹೌದು/ಅಲ್ಲ) ಕಾಲಂ ಇಟ್ಟು ಒಂದೊಂದಕ್ಕೂ ಇಂಡೆಕ್ಸ್ (ಬೇಗ ಹುಡುಕಲು ನೆರವಾಗುವ ಪಟ್ಟಿ) ಹಾಕಿದ್ದೇವೆ. ಈಗ ಲಾಗಿನ್ ಸಮಯ ಅಪ್‌ಡೇಟ್ ಮಾಡುವುದೂ ನಿಧಾನ. ಎಲ್ಲವನ್ನೂ ಒಂದೇ ಜೇಸನ್‌ಬಿ ಕಾಲಂಗೆ (ಹಲವು ಕೀಗಳನ್ನೂ ಅವುಗಳ ಮೌಲ್ಯಗಳನ್ನೂ ಒಂದೇ ಆಬ್ಜೆಕ್ಟ್ ಆಗಿ ಇಡುವ ಬಗೆ) ಹಾಕಬಹುದೇ?
– ಓದುಗರೊಬ್ಬರು, ಎಚ್‌ಎಸ್‌ಆರ್ ಲೇಔಟ್

ಉತ್ತರ: ಇಲ್ಲಿ ಕಾಲು ಹಿಡಿದು ಎಳೆಯುತ್ತಿರುವುದು ಕಾಲಂಗಳಲ್ಲ, ಆ 42 ಇಂಡೆಕ್ಸ್‌ಗಳು. ಪೋಸ್ಟ್‌ಗ್ರೆಸ್ ಹಳೆಯ ರೋವನ್ನು (ಟೇಬಲ್ಲಿನ ಒಂದು ಸಾಲನ್ನು) ತಿದ್ದುವುದಿಲ್ಲ, ಹೊಸ ಪ್ರತಿ ಬರೆಯುತ್ತದೆ. ಬದಲಾದ ಕಾಲಂಗೆ ಇಂಡೆಕ್ಸ್ ಇದ್ದರೆ, ಇಲ್ಲವೇ ಅದೇ ಪೇಜಿನಲ್ಲಿ ಜಾಗ ಸಾಲದಿದ್ದರೆ, ಟೇಬಲ್ಲಿನ ಅಷ್ಟೂ ಇಂಡೆಕ್ಸ್‌ಗೆ ಹೊಸ ನಮೂದು ಬೀಳುತ್ತದೆ. ಇಷ್ಟಾಗಿಯೂ ಹೆಚ್ಚಿನವರು ‘ಆನ್’ ಇಟ್ಟಿರುವ ಕಾಲಂನಲ್ಲಿ ‘ಆನ್’ ಇರುವವರನ್ನು ಹುಡುಕಲು ಪ್ಲ್ಯಾನರ್ (ಕ್ವೆರಿಯನ್ನು ಯಾವ ದಾರಿಯಲ್ಲಿ ನಡೆಸುವುದೆಂದು ತೀರ್ಮಾನಿಸುವ ಭಾಗ) ಆ ಇಂಡೆಕ್ಸನ್ನು ಮೂಸಿಯೂ ನೋಡುವುದಿಲ್ಲ.

ಜೇಸನ್‌ಬಿ ಬೇಡ. ಒಂದು ಸ್ವಿಚ್ ಒತ್ತಿದರೂ ಇಡೀ ಆಬ್ಜೆಕ್ಟ್ ಮತ್ತೆ ಬರೆಯಬೇಕು. ಕೀ ಹೆಸರಿನಲ್ಲಿ ಒಂದಕ್ಷರ ತಪ್ಪಿದರೂ ಡೇಟಾಬೇಸ್ ತುಟಿ ಬಿಚ್ಚದೆ ಒಪ್ಪಿಕೊಳ್ಳುತ್ತದೆ.

ಒಂದು ಆಯ್ಕೆಗೆ ಒಂದು ರೋ ಇರುವ ಬೇರೆ ಟೇಬಲ್ ಮಾಡಿ: ಯೂಸರ್ ಐಡಿ (ಬಿಗ್‌ಇಂಟ್), ಬದಲಾದ ಸಮಯ, ನೋಟಿಫಿಕೇಶನ್ ಬಗೆ, ಚಾನೆಲ್ (ಎರಡೂ ಸ್ಮಾಲ್‌ಇಂಟ್), ಬೇಕು/ಬೇಡ. ಪ್ರೈಮರಿ ಕೀ (ಪ್ರತಿ ರೋವನ್ನೂ ಬೇರೆಯಾಗಿ ಗುರುತಿಸುವ ಕಾಲಂಗಳು) ಯೂಸರ್, ಬಗೆ, ಚಾನೆಲ್ ಇದೇ ಕ್ರಮದಲ್ಲಿರಲಿ. ಡಿಫಾಲ್ಟ್ ಏನೆಂಬುದು ಬಗೆ ಮತ್ತು ಚಾನೆಲ್‌ಗಳ ಇನ್ನೊಂದು ಪುಟ್ಟ ಟೇಬಲ್‌ನಲ್ಲಿ, 42 ರೋಗಳಲ್ಲಿ ಮುಗಿಯುತ್ತದೆ.

ಎಲ್ಲರಿಗೂ 42 ರೋ ತುಂಬಿಸಿದರೆ 1.26 ಕೋಟಿ ರೋ. ಒಂದಕ್ಕೆ ಹೆಡರ್ ಸೇರಿ 52 ಬೈಟ್, ಅಂದರೆ ಸುಮಾರು 650 ಎಂಬಿ. ಪ್ರೈಮರಿ ಕೀಗೆ ಇನ್ನೊಂದು 400 ಎಂಬಿ ಹತ್ತಿರ. ಯಂತ್ರಕ್ಕೆ ಇದೇನೂ ಭಾರವಲ್ಲ. ತೊಂದರೆ ಬೇರೆಯೇ: ಬಳಕೆದಾರ ಹೇಳಿದ್ದು ಯಾವುದು, ನೀವು ತುಂಬಿಸಿದ್ದು ಯಾವುದು ಎಂಬ ಗುರುತೇ ಅಳಿಸಿಹೋಗುತ್ತದೆ. ಆದ್ದರಿಂದ ಅವರು ಸ್ವಿಚ್ ಮುಟ್ಟಿದಾಗ ಮಾತ್ರ ರೋ ಬರೆಯಿರಿ. ಆದರೆ ಆಫ್ ಮಾಡಿ ಮತ್ತೆ ಆನ್ ಮಾಡಿದರೆ, ‘ಡಿಫಾಲ್ಟಿಗೆ ಸಮ ಆಯ್ತಲ್ಲ’ ಎಂದು ಆ ರೋ ಅಳಿಸಬೇಡಿ. ಅಳಿಸಿದ್ದರೆ, ನಾಳೆ ನೀವು ಮೇಂಟೆನೆನ್ಸ್ ಎಸ್‌ಎಂಎಸ್‌ನ ಡಿಫಾಲ್ಟನ್ನು ಆಫ್ ಮಾಡಿದರೆ, ಬೇಕು ಎಂದು ಬಾಯಿಬಿಟ್ಟು ಹೇಳಿದವರಿಗೂ ಅದು ನಿಂತುಹೋಗುತ್ತದೆ.

ಕಳುಹಿಸುವಾಗಿನ ಕ್ವೆರಿಯಲ್ಲಿ ಎಲ್ಲರೂ ಎಡವುವ ಒಂದು ಜಾಗವಿದೆ. 600 ಮನೆಯ ಅಪಾರ್ಟ್‌ಮೆಂಟ್‌ಗೆ ಟ್ಯಾಂಕರ್ ಬಂತು ಎನ್ನಿ. ಮೊದಲು ಆ ನಿವಾಸಿಗಳನ್ನು ಆರಿಸಿ, ಆಯ್ಕೆ ಟೇಬಲ್‌ಗೆ ಲೆಫ್ಟ್ ಜಾಯಿನ್ ಮಾಡಿ (ಅಲ್ಲಿ ರೋ ಇಲ್ಲದ ನಿವಾಸಿಯೂ ಉಳಿಯುವ ಜೋಡಣೆ), ರೋ ಇಲ್ಲದಲ್ಲಿ ಕೋಅಲೆಸ್ (ಖಾಲಿ ಇದ್ದರೆ ಬದಲಿ ಕೊಡುವ ಫಂಕ್ಷನ್) ಮೂಲಕ ಡಿಫಾಲ್ಟ್ ಹಿಡಿಯಿರಿ. ಬಗೆ ಮತ್ತು ಚಾನೆಲ್‌ನ ಷರತ್ತು ಆ ಜಾಯಿನ್‌ನ ‘ಆನ್’ (ON) ಭಾಗದಲ್ಲೇ ಇರಬೇಕು. ‘ವೇರ್’ (WHERE) ಭಾಗಕ್ಕೆ ಇಳಿಸಿದರೆ ಅದು ಎರಡೂ ಕಡೆ ರೋ ಇದ್ದವರನ್ನಷ್ಟೇ ಉಳಿಸುವ ಇನ್ನರ್ ಜಾಯಿನ್ ಆಗಿಬಿಡುತ್ತದೆ: ಎರರ್ ಬರುವುದಿಲ್ಲ, ಆದರೆ ಸೆಟ್ಟಿಂಗ್ ಮುಟ್ಟದವರಿಗೆಲ್ಲ ಮೆಸೇಜ್ ನಿಲ್ಲುತ್ತದೆ. ಬಕೆಟ್ ಹಿಡಿದು ಕಾಯುತ್ತಿದ್ದವರು ಫೋನ್ ಮಾಡಿದಾಗಲೇ ಗೊತ್ತಾಗುವುದು.

ಇಂಥ ಕ್ವೆರಿ ಹೆಚ್ಚೆಂದರೆ ಕೆಲವು ಸಾವಿರ ಪ್ರೈಮರಿ ಕೀ ಹುಡುಕಾಟ, ಬೇರೆ ಇಂಡೆಕ್ಸ್ ಬೇಡ. 3 ಲಕ್ಷ ಜನಕ್ಕೂ ಒಟ್ಟಿಗೆ ಕಳುಹಿಸುವ ಪದ್ಧತಿ ಇದ್ದರಷ್ಟೇ ಬಗೆ, ಚಾನೆಲ್, ಯೂಸರ್ ಕ್ರಮದ ಎರಡನೇ ಇಂಡೆಕ್ಸ್ ಹಾಕಿ. ಬೇಕು/ಬೇಡ ಕಾಲಂ ಅದರ ‘ಇನ್‌ಕ್ಲೂಡ್’ನಲ್ಲಿರಲಿ, ಅಂದರೆ ಹುಡುಕಾಟದ ಕೀ ಆಗದೆ ಇಂಡೆಕ್ಸ್ ಜೊತೆಗೇ ಇರಲಿ (ಪೋಸ್ಟ್‌ಗ್ರೆಸ್ 11ರಿಂದ ಇದು ಸಾಧ್ಯ).

ರಾತ್ರಿ 10ರಿಂದ ಬೆಳಿಗ್ಗೆ 7ರವರೆಗಿನ ಮೌನದ ಅವಧಿಯನ್ನು ಆಯ್ಕೆ ಟೇಬಲ್‌ಗೆ ತುರುಕಬೇಡಿ, ಅದಕ್ಕೆ ಯೂಸರ್‌ಗೊಂದು ರೋ ಇರುವ ಟೇಬಲ್ ಮಾಡಿ. ಆರಂಭದ ಹೊತ್ತು ಮುಗಿಯುವ ಹೊತ್ತಿಗಿಂತ ದೊಡ್ಡದಾಗಿದ್ದರೆ ‘ಆರಂಭದ ನಂತರ’, ‘ಮುಗಿಯುವ ಮೊದಲು’ ಎಂಬ ಎರಡು ಷರತ್ತುಗಳ ನಡುವೆ ‘ಮತ್ತು’ ಬದಲು ‘ಅಥವಾ’ ಬರಬೇಕು. ಯಾವ ಸೆಟ್ಟಿಂಗ್ ಇದ್ದರೂ ತಲುಪಲೇಬೇಕಾದ ಒಟಿಪಿ ಮಾತ್ರ ಈ ಯಾವ ಟೇಬಲ್ಲಿನ ಕಡೆಗೂ ಹೋಗಕೂಡದು.

ಹಳೆಯ ಡೇಟಾ ಸಾಗಿಸುವಾಗ ಡಿಫಾಲ್ಟಿಗಿಂತ ಬೇರೆಯಾಗಿರುವ ಸೆಟ್ಟಿಂಗ್‌ಗಳನ್ನಷ್ಟೇ ತನ್ನಿ. ಉಳಿದವು ಯಾರ ಮಾತೆಂದು ಈಗ ತಿಳಿಯುವ ದಾರಿ ಇಲ್ಲ. ಆ ಸಾಗಣೆಯವರೆಗೆ ಕಾಯದೆ ಇವತ್ತೇ ಮಾಡಬಹುದಾದ ಕೆಲಸ ಒಂದಿದೆ. ಪಿಜಿ_ಸ್ಟ್ಯಾಟ್_ಯೂಸರ್_ಇಂಡೆಕ್ಸಸ್‌ನಲ್ಲಿ (ಇಂಡೆಕ್ಸ್ ಬಳಕೆಯ ಲೆಕ್ಕ ಇಡುವ ಪೋಸ್ಟ್‌ಗ್ರೆಸ್ ನೋಟ) ಆ 42ರ ಸ್ಕ್ಯಾನ್ ಎಣಿಕೆ ನೋಡಿ, ಸೊನ್ನೆ ಇರುವುದನ್ನೆಲ್ಲ ‘ಕನ್‌ಕರೆಂಟ್ಲಿ’ (ಉಳಿದ ಕೆಲಸ ತಡೆಯದಂತೆ) ಸೇರಿಸಿ ಡ್ರಾಪ್ ಮಾಡಿ. ರೆಪ್ಲಿಕಾ (ಡೇಟಾಬೇಸಿನ ನಕಲು ಸರ್ವರ್) ಇದ್ದರೆ ಅಲ್ಲಿನ ಎಣಿಕೆಯನ್ನೂ ನೋಡಿಕೊಳ್ಳಿ, ಅದು ಬೇರೆ ಲೆಕ್ಕ.